ಕೆಂಪು ನಲ್ಲಿಯ ತಣ್ಣೀರು

ನನ್ನ ಓರಗಿತ್ತಿಯನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು. ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಅವಳ ಒಡವೆ ನೋಡಿ ಅಲ್ಲ, ಈ ವಯಸ್ಸಿನಲ್ಲೂ ಸೊಂಟ ದಾಟುವ ಅವಳ ಜಡೆ ನೋಡಿಯೂ ಅಲ್ಲ. ಅವಳು ಈಗ ಇರುವ ಮನೆ ನೋಡಿ. ಅದು ಒಮಾನಿನ ಒಳನಾಡಿನಲ್ಲಿ, ಮರುಭೂಮಿಯ ಅಂಚಿನ ಒಂದು ಸಣ್ಣ ಊರಿನಲ್ಲಿದೆ. ಮೂರು ಕೋಣೆ, ಒಂದು ಅಂಗಳ, ಸುತ್ತ ಎತ್ತರದ ಗೋಡೆ, ಮೇಲೆ ತಾರಸಿ. ಹದಿನಾಲ್ಕು ವರ್ಷ ಅಲ್ಲಿ ಸಂಸಾರ ಮಾಡಿದವಳು ನಾನು. ಆ ಹದಿನಾಲ್ಕು ವರ್ಷವೂ ಅದನ್ನು ಬಾಯಿಗೆ ಬಂದಂತೆ ಬೈದವಳೂ ನಾನೇ.

ಏನೇನು ಬೈದಿದ್ದೆ ಎಂದು ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. ರಜೆಗೆ ಮೈಸೂರಿಗೆ ಹೋದಾಗಲೆಲ್ಲ ನೆಂಟರ ಮುಂದೆ ಅದೇ ಹರಿಕಥೆ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಬೆರಳಿನಲ್ಲಿ ರಂಗೋಲಿ ಬರೆಯಬಹುದು, ಅಷ್ಟು ಧೂಳು. ಕಾರಿನ ಬೆಲ್ಟಿನ ಕೊಂಡಿ ಮುಟ್ಟಿದರೆ ಕೈಗೆ ಬರೆ. ಒಂದು ಹಸಿರು ಎಲೆ ಕಾಣಬೇಕಾದರೆ ತರಕಾರಿ ಅಂಗಡಿಗೇ ಹೋಗಬೇಕು. ನನ್ನ ಗಂಡನಿಗೆ ತೈಲದ ಪೈಪುಗಳ ಒತ್ತಡ ನೋಡಿಕೊಳ್ಳುವ ಕಂಪ್ಯೂಟರುಗಳ ಕೆಲಸ. ಪ್ರತಿ ಜೂನ್ ಬಂದಾಗಲೂ, ಊಟಕ್ಕೆ ಕೂತ ಮನುಷ್ಯನ ತಲೆ ತಿನ್ನುತ್ತಿದ್ದೆ: ಎಲ್ಲಿಗಾದರೂ ಸರಿ, ನೀರಿರುವ ಊರಿಗೆ ವರ್ಗ ಮಾಡಿಸಿಕೊಳ್ಳಿ ಅಂತ. ಕೊನೆಗೆ ಅವರು ಮಾಡಿಸಿಕೊಂಡರು. ರಾಟರ್‌ಡಾಮ್ ಪಕ್ಕದ ಕಾಪೆಲ್ಲೆ ಆನ್ ಡೆನ್ ಐಸೆಲ್‌ನಲ್ಲಿ ಆಫೀಸು. ಸಮುದ್ರಕ್ಕಿಂತ ತಗ್ಗಿನಲ್ಲಿರುವ ನೆಲ. ನೀರು ಬೇಕು ಅಂದಿದ್ದೆನಲ್ಲ, ತಗೋ.

ಅವರು ಬಿಟ್ಟ ಕೆಲಸಕ್ಕೆ ಕಂಪನಿಯವರು ಅವರ ತಮ್ಮನನ್ನೇ ತೆಗೆದುಕೊಂಡರು. ಸದ್ಯಕ್ಕೆ ಒಂದು ವರ್ಷಕ್ಕೆ ಅಂತ. ನಾವು ಸೆಪ್ಟೆಂಬರ್‌ನಲ್ಲಿ ಹೊರಟೆವು. ಅಕ್ಟೋಬರ್‌ನಲ್ಲಿ ಮೈದುನ, ಅವನ ಹೆಂಡತಿ, ಎರಡು ವರ್ಷದ ಅವರ ಮಗಳು ಮೈಸೂರಿನಿಂದ ಬಂದು ನಾವು ಬಿಟ್ಟ ಮನೆಗೇ ಇಳಿದರು. ಮಂಚ, ಪರದೆ, ಕುಕ್ಕರ್, ಒಗ್ಗರಣೆ ಡಬ್ಬಿ ಎಲ್ಲವನ್ನೂ ಹಾಗೇ ಬಿಟ್ಟು ಬಂದಿದ್ದೆ. ನಿನ್ನ ಅದೃಷ್ಟ ಕಣೇ, ಒಂದು ಚಮಚವನ್ನೂ ಕೊಳ್ಳಬೇಕಾಗಿಲ್ಲ ಎಂದು ಓರಗಿತ್ತಿಗೆ ಫೋನಿನಲ್ಲಿ ಹೇಳಿದೆ. ಒಳಗೊಳಗೇ, ಪಾಪ, ಬೆಂದುಹೋಗುತ್ತಾಳೆ ಎಂದು ಮರುಗಿದೆ. ಬೇರೆಯವರು ಬೇಯುವಾಗ ತಂಪಾದ ಕಡೆ ಕೂತು ಮರುಗುವುದರಲ್ಲಿ ಎಂಥ ಸುಖವಿದೆ.

ಕಾಪೆಲ್ಲೆಗೆ ಬಂದ ಹೊಸದರಲ್ಲಿ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಮನೆ ಮುಂದಿನ ಹುಲ್ಲಿಗೆ ಯಾರೂ ನೀರು ಹಾಕುವುದಿಲ್ಲ, ಆದರೂ ಅದು ಬೆಳೆಯುತ್ತದೆ ಎನ್ನುವುದನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಮೊದಲ ಮಳೆ ಬಿದ್ದ ದಿನ ಆದದ್ದನ್ನು ಮಗಳು ಇವತ್ತಿಗೂ ಆಡಿಕೊಳ್ಳುತ್ತಾಳೆ. ಅವಳಿಗೆ ಹದಿಮೂರು ವರ್ಷ, ಹುಟ್ಟಿದ್ದು ಆ ಮರುಭೂಮಿಯ ಊರಿನಲ್ಲೇ. ಅಲ್ಲಿ ಮಳೆ ಎಂದರೆ ವರ್ಷಕ್ಕೆ ಒಂದೋ ಎರಡೋ ಸಲ. ನಾಲ್ಕು ಹನಿ ಬಿದ್ದರೆ ಸಾಕು, ಪಕ್ಕದ ಮನೆಯ ಅಜ್ಜಿ ನಮ್ಮ ಕಬ್ಬಿಣದ ಗೇಟು ಬಡಿದು "ಮತರ್, ಮತರ್" ಎಂದು ಕೂಗುತ್ತಿದ್ದರು. ಅರಬಿಯಲ್ಲಿ ಮಳೆ ಅಂತ. ಊರಿಗೆ ಊರೇ ಕಾರು ಹತ್ತಿ, ಒಣಗಿದ ಹಳ್ಳದಲ್ಲಿ ನೀರು ಹರಿದು ಬರುವುದನ್ನು ದಂಡೆಯ ಮೇಲೆ ನಿಂತು ನೋಡಲು ಹೊರಡುತ್ತಿತ್ತು. ನಾನು ಗಡಿಬಿಡಿಯಲ್ಲಿ ಬಜ್ಜಿ ಕರಿದು ಡಬ್ಬಿಗೆ ತುಂಬುತ್ತಿದ್ದೆ.

ಕಾಪೆಲ್ಲೆಯಲ್ಲೂ ಹನಿ ಬಿದ್ದ ಕೂಡಲೇ ಕೈ ತಾನಾಗಿ ಕಡಲೆಹಿಟ್ಟಿನ ಡಬ್ಬಿಗೆ ಹೋಯಿತು. ಬಜ್ಜಿ ತಟ್ಟೆ ಹಿಡಿದು, ಮಗಳನ್ನು ಎಳೆದುಕೊಂಡು, ಛತ್ರಿಯಿಲ್ಲದೆ ಬೀದಿಯಲ್ಲಿ ನಿಂತೆ. ನಾಯಿ ಹಿಡಿದು ಹೋಗುತ್ತಿದ್ದ ಪಕ್ಕದ ಮನೆಯಾತ ನಿಂತು, ಬೀಗದ ಕೈ ಒಳಗೆ ಬಿಟ್ಟು ಬಾಗಿಲು ಹಾಕಿಕೊಂಡಿರಾ, ಸಹಾಯ ಬೇಕೇ ಎಂದು ಕೇಳಿದ. "ಅಮ್ಮಾ, ಇಟ್ಸ್ ಜಸ್ಟ್ ರೇನ್" ಎಂದು ಮಗಳು ಮುಖ ಮುಚ್ಚಿಕೊಂಡು ಒಳಗೋಡಿದಳು. ಆಮೇಲೆ ಹನ್ನೊಂದು ದಿನ ಮಳೆ ನಿಲ್ಲಲಿಲ್ಲ. ದಿನಾ ಬಜ್ಜಿ ಕರಿಯಲು ಆಗುತ್ತದೆಯೇ.

ಪರದೆಯದ್ದು ಇನ್ನೊಂದು ರಾಮಾಯಣ. ಹದಿನಾಲ್ಕು ವರ್ಷ ಹಗಲು ಹೊತ್ತು ಪರದೆ ಎಳೆದುಕೊಂಡೇ ಬದುಕಿದವಳು ನಾನು; ಬಿಸಿಲು ಒಳಗೆ ಬಂದರೆ ಏಸಿ ಕೈಚೆಲ್ಲುತ್ತದೆ. ಇಲ್ಲೂ ಎದ್ದ ತಕ್ಷಣ ಪರದೆ ಎಳೆಯುತ್ತಿದ್ದೆ. ಈ ದೇಶದವರು ಹಗಲಲ್ಲಿ ಪರದೆ ಎಳೆಯುವವರಲ್ಲ. ಅವರ ಸೋಫಾ, ದೀಪ, ಬೆಕ್ಕು ಎಲ್ಲ ಬೀದಿಗೆ ಕಾಣುತ್ತಿರಬೇಕು. ಎರಡು ವಾರ ನೋಡಿ, ಎದುರು ಮನೆಯಾಕೆ ಬಿಳಿ ಹೂವಿನ ಗೊಂಚಲು ಹಿಡಿದು ಬಂದರು. ನಮ್ಮಲ್ಲಿ ಯಾರೋ ತೀರಿಕೊಂಡಿರಬೇಕು ಎಂದುಕೊಂಡಿದ್ದರು. ಅವರಿಗೆ ಕಾಫಿ ಕೊಟ್ಟು ಕಳಿಸಿ ಪರದೆ ಸರಿಸಿದೆ. ಹೊರಗೆ ಬರೀ ಬೂದಿ ಬಣ್ಣ. ತಡೆಯಲು ಬಿಸಿಲೇ ಇರಲಿಲ್ಲ.

ನವೆಂಬರ್‌ನಲ್ಲಿ ಓರಗಿತ್ತಿಯ ವಿಡಿಯೋಗಳು ಶುರುವಾದವು. ನವೆಂಬರ್ ಎಂದರೆ ಅಲ್ಲಿ ಏಸಿ ಆರಿಸಿ ಕಿಟಕಿ ತೆಗೆಯುವ ಕಾಲ. ಮೊದಲನೆಯ ವಿಡಿಯೋದಲ್ಲಿ, ತಾರಸಿಯ ಮೇಲೆ ನಾನು ಬಿಟ್ಟುಬಂದ ಮಡಚುವ ಮಂಚ. ಅದರ ಮೇಲೆ ಅವಳ ಮಗಳು ಅಂಗಾತ ಮಲಗಿ ಕಾಲು ಅಲ್ಲಾಡಿಸುತ್ತಿದ್ದಾಳೆ. ಹಿಂದೆ ಬೆಟ್ಟ. ಒಂದು ಗಿಡವಿಲ್ಲದ, ಬರೀ ಕಲ್ಲಿನ ಬೋಳು ಬೆಟ್ಟ. ಸಂಜೆ ಅದು ಮೊದಲು ಇಟ್ಟಿಗೆ ಬಣ್ಣಕ್ಕೆ, ಆಮೇಲೆ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುವುದನ್ನು ಹದಿನಾಲ್ಕು ವರ್ಷ ಒಣಗಿದ ಬಟ್ಟೆ ತೆಗೆಯುತ್ತಾ ನೋಡಿದ್ದೆ. ಚೆನ್ನಾಗಿದೆ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಕಾಪೆಲ್ಲೆಯಲ್ಲಿ ನಾಲ್ಕೂವರೆಗೇ ದೀಪ ಹಾಕಿಕೊಂಡು, ಅಂಗೈಯಗಲದ ಫೋನಿನಲ್ಲಿ ಅದನ್ನು ನೋಡಿದಾಗ ಅನ್ನಿಸಿತು. ಅಕ್ಕ, ಎಷ್ಟು ಚೆನ್ನಾಗಿದೆ ಅಲ್ವಾ ಎಂದು ಕೆಳಗೆ ಬರೆದಿದ್ದಳು. ಮೈಯೆಲ್ಲ ಉರಿದುಹೋಯಿತು. ಧೂಳು ಹುಷಾರು, ಮಗುಗೆ ಕೆಮ್ಮು ಬರುತ್ತೆ ಎಂದು ಉತ್ತರ ಹಾಕಿದೆ.

ಆಮೇಲೆ ದಿನಕ್ಕೊಂದು. ಅಂಗಳದಲ್ಲಿ ಹಪ್ಪಳ ಹಾಕಿದ್ದಾಳೆ, ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನಕ್ಕೆ ಗರಿಗರಿ. ಇಲ್ಲಿ ನನ್ನ ಬಟ್ಟೆ ಮೂರು ದಿನವಾದರೂ ಹಸಿಹಸಿ ವಾಸನೆ. ಮರಳ ಗುಡ್ಡದ ಮೇಲೆ ಅವಳ ಮಗಳ ಪುಟ್ಟ ಹೆಜ್ಜೆ ಗುರುತು. ನೋಡುವುದು ಬೇಡ ಅಂದುಕೊಂಡೇ ನೋಡುತ್ತಿದ್ದೆ, ಎರಡೆರಡು ಸಲ. ಅವಳು ಮೊನ್ನೆ ಬಂದವಳು. ನೋಡಲು ಅವಳಿಗೆ ಏನು ಹಕ್ಕಿದೆ ಅನ್ನಿಸುತ್ತಿತ್ತು. ಯಾರು ಬೇಕಾದರೂ ನೋಡುವ ಬೆಟ್ಟಕ್ಕೆ ಹಕ್ಕಿನ ಮಾತು.

ಸಂಕ್ರಾಂತಿಗೆ ಹಾರ್ಲೆಮ್‌ನಲ್ಲಿ ಕನ್ನಡದವರೊಬ್ಬರ ಮನೆಯಲ್ಲಿ ಹತ್ತಾರು ಜನ ಸೇರಿದ್ದೆವು. ಎಳ್ಳು ಬೆಲ್ಲ ಹಂಚಿಕೊಂಡು, ಯಾರಿಗೆ ಯಾವ ಊರು ನೆನಪಾಗುತ್ತದೆ ಎನ್ನುವ ಮಾತು ಬಂತು. ಒಬ್ಬರಿಗೆ ಮಲ್ಲೇಶ್ವರ, ಒಬ್ಬರಿಗೆ ಸರಸ್ವತಿಪುರಂ. ನಾನು ನನ್ನ ತಾರಸಿಯ ಮಾತೆತ್ತಿದೆ. ಅಯ್ಯೋ, ಗಲ್ಫಾ, ಅಲ್ಲೇನಿದೆ ನೆನಪು ಮಾಡ್ಕೊಳಕ್ಕೆ ಎಂದು ಮನೆಯಾಕೆ ನಕ್ಕುಬಿಟ್ಟರು. ಅವರ ಮೇಲೆ ಬಂದ ಸಿಟ್ಟು ಹೇಳತೀರದು. ಅವರಾಡಿದ್ದು ನಾನು ಹದಿನಾಲ್ಕು ವರ್ಷ ಆಡಿದ ಮಾತನ್ನೇ. ಆದರೂ ರೈಲಿನಲ್ಲಿ ಮನೆ ಸೇರುವವರೆಗೆ ಮುಖ ಊದಿಸಿಕೊಂಡೇ ಕೂತಿದ್ದೆ. ನನ್ನ ಸಮಾಧಾನಕ್ಕೆಂದು ಮುಂದಿನ ಭಾನುವಾರ ಗಂಡ ನೂರ್ಡ್‌ವೈಕ್‌ಗೆ ಕರೆದುಕೊಂಡು ಹೋದರು. ಅಲ್ಲಿ ಕಡಲ ಪಕ್ಕ ಮರಳಿನ ದಿಬ್ಬಗಳಿವೆ. ದೂರದಿಂದ ನೋಡಿದ್ದೇ ಬೂಟು ಕಳಚಿ ಓಡಿದೆ. ಮರಳು ತಣ್ಣಗೆ, ಒದ್ದೆಯಾಗಿ, ಕಾಲಿಗೆ ಮೆತ್ತಿಕೊಂಡಿತು. ದಿಬ್ಬ ಹತ್ತೋಣ ಅಂದರೆ ಬೇಲಿ, ಹತ್ತಬೇಡಿ ಎಂಬ ಫಲಕ. ಮರಳಿಗೆ ಬೇಲಿ ಹಾಕಿದ್ದನ್ನು ಅಲ್ಲೇ ಮೊದಲು ನೋಡಿದ್ದು.

ಬೆಟ್ಟ, ಮರಳು, ಬಿಸಿಲು ಎಲ್ಲವನ್ನೂ ಓರಗಿತ್ತಿಗೆ ಬಿಟ್ಟುಕೊಟ್ಟೇನು, ಒಬ್ಬರನ್ನು ಮಾತ್ರ ಬಿಟ್ಟುಕೊಡಲಾರೆ ಎಂದು ಆ ಚಳಿಗಾಲದಲ್ಲೇ ನಿರ್ಧಾರ ಮಾಡಿದ್ದೆ. ಮಳೆ ಬಂದರೆ ಗೇಟು ಬಡಿಯುತ್ತಿದ್ದ ಆ ಅಜ್ಜಿ. ನಾವು ಅವರನ್ನು ಖಾಲಾ ಅನ್ನುತ್ತಿದ್ದೆವು, ನಮ್ಮಲ್ಲಿ ಚಿಕ್ಕಮ್ಮ ಎಂದ ಹಾಗೆ. ಅವರಿಗೆ ಅಷ್ಟಿಷ್ಟು ಹಿಂದಿ ಬರುತ್ತಿತ್ತು. ಸಾಕು ಅನ್ನಲು ಕಾಫಿ ಬಟ್ಟಲನ್ನು ಅಲ್ಲಾಡಿಸಬೇಕು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ ಎಂದು ಕಲಿಸಿದವರು ಅವರು. ನನ್ನ ಬಾಣಂತನದಲ್ಲಿ ತಾಯಿ ಬರಲಾಗದೆ ಹೋದಾಗ ಮಗುವಿಗೆ ನೀರು ಹಾಕಿದವರೂ ಅವರೇ. ನನ್ನನ್ನು ಬಿಂತಿ ಎಂದು ಕರೆಯುತ್ತಿದ್ದರು. ನನ್ನ ಮಗಳೇ ಅಂತ. ಗಂಡನ ಮನೆಯಲ್ಲಾಗಲಿ ತವರಿನಲ್ಲಾಗಲಿ ಯಾರೂ ನನ್ನನ್ನು ಅಷ್ಟು ಮೆತ್ತಗೆ ಕರೆದದ್ದಿಲ್ಲ.

ಫೆಬ್ರವರಿಯಲ್ಲಿ ಓರಗಿತ್ತಿ ಕೇಳಿದಳು. ಪಕ್ಕದ ಮನೆಯ ಅಜ್ಜಿ ಒಂದೆರಡು ಸಲ ಗೇಟು ತಟ್ಟಿದ್ದರಂತೆ, ಗಂಡ ಮನೆಯಲ್ಲಿಲ್ಲದೆ ತೆಗೆಯಲು ಹೆದರಿಕೆಯಾಯಿತಂತೆ. ಮೈದುನ ಹದಿನೈದು ದಿನ ದೂರದ ಸೈಟಿನ ಕ್ಯಾಂಪಿನಲ್ಲಿ, ಹದಿನೈದು ದಿನ ಮನೆಯಲ್ಲಿ. ಹೋಗಿ ಮಾತನಾಡಿಸಲೇ ಎಂದು ಕೇಳಿದಳು. ಅಲ್ಲಿನವರು ಅಷ್ಟಾಗಿ ಬೆರೆಯುವುದಿಲ್ಲ, ನೀನಾಗಿ ಹೋಗಬೇಡ, ತಪ್ಪು ತಿಳಿಯುತ್ತಾರೆ ಎಂದೆ. ಕಣ್ಣು ಮಿಟುಕಿಸದೆ ಹೇಳಿದೆ. ಬಿಂತಿ ಎನ್ನುವ ಮಾತು ಅವಳ ಕಿವಿಗೆ ಬೀಳುವುದು ನನಗೆ ಬೇಡವಾಗಿತ್ತು.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಕಾಪೆಲ್ಲೆಗೆ ಒಳ್ಳೆ ಬಿಸಿಲು ಬಂತು. ಬೀದಿಯವರೆಲ್ಲ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಮುಖ ಕಾಯಿಸಿಕೊಳ್ಳುತ್ತಿದ್ದರು. ನಾನು ಯೋಚನೆಯನ್ನೇ ಮಾಡದೆ ಅಟ್ಟ ಹತ್ತಿ ನೀರು ಕಾಯಿಸುವ ಬಾಯ್ಲರ್ ಆರಿಸಿ ಬಂದೆ. ಸ್ವಲ್ಪ ಹೊತ್ತಿಗೆ ಸ್ನಾನದ ಮನೆಯಿಂದ ಗಂಡನ ಕೂಗು, ಹಿಂದೆಯೇ ನಡುಗುತ್ತಾ ಅವರು. ವಿಷಯ ಗೊತ್ತಾದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮರುಭೂಮಿಯಲ್ಲಿ ಬಾಳಿದವರು ಮಾತ್ರ ಮಾಡುವ ತಪ್ಪು ಅದು. ಅಲ್ಲಿ ನೀರಿನ ಟ್ಯಾಂಕ್ ತಾರಸಿಯ ಮೇಲೆ. ಮೇ ಬಂತೆಂದರೆ ಅದರ ನೀರು ಕಾದು ಕುದಿಯುತ್ತದೆ, ತಣ್ಣೀರಿನದೆಂದು ನೀಲಿ ಗುರುತಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ಆಗ ಗೀಸರ್ ಆರಿಸಿಬಿಡಬೇಕು. ಗೀಸರ್ ಇರುವುದು ಮನೆಯೊಳಗೆ, ಏಸಿಯ ತಂಪಿನಲ್ಲಿ. ಅದರಲ್ಲಿ ನಿಂತ ನೀರು ಬೆಳಗಾಗುವಷ್ಟರಲ್ಲಿ ತಾನಾಗಿ ತಣಿಯುತ್ತದೆ. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಕೆಂಪು ನಲ್ಲಿಯಲ್ಲಿ ತಣ್ಣೀರು, ನೀಲಿ ನಲ್ಲಿಯಲ್ಲಿ ಬಿಸಿನೀರು. ನನ್ನ ಮೊದಲ ಬೇಸಿಗೆಯಲ್ಲಿ ಇದನ್ನು ಹೇಳಿಕೊಟ್ಟವರು ಖಾಲಾ. ಹದಿನಾಲ್ಕು ಮೇ ತಿಂಗಳು ಮಾಡಿದ್ದನ್ನು ಕೈ ಮರೆಯುವುದಿಲ್ಲ.

ನಾಲ್ಕು ದಿನ ಕಳೆದಿರಬೇಕು, ಓರಗಿತ್ತಿಯ ಫೋನು.

"ಅಕ್ಕ, ನಲ್ಲೀಲಿ ಕುದಿಯೋ ನೀರು ಬರ್ತಿದೆ. ಮಗೂಗೆ ಸ್ನಾನ ಮಾಡ್ಸಕ್ಕೇ ಆಗ್ತಿಲ್ಲ. ನೀವು ಏನ್ ಮಾಡ್ತಿದ್ರಿ?"

ಗೀಸರ್ ಆರಿಸು. ಎರಡೇ ಪದ. ನಾಲಿಗೆಯ ತುದಿಯಲ್ಲಿತ್ತು. ಹಪ್ಪಳ, ಮಂಚ, ನೇರಳೆ ಬಣ್ಣದ ಬೆಟ್ಟ ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು.

"ಅಲ್ಲಿ ಹಾಗೇ ಕಣೇ," ಅಂದೆ. "ಬಕೆಟ್ಟಲ್ಲಿ ಹಿಡಿದಿಟ್ಟು ಆರಿಸ್ಕೋಬೇಕು. ಬೇರೆ ದಾರಿ ಇಲ್ಲ."

ಆರಿಸು ಅನ್ನುವ ಮಾತನ್ನು ಹೇಳಿದೆ, ಗೀಸರ್ ಅನ್ನುವುದನ್ನು ನುಂಗಿಕೊಂಡೆ. ಅದಕ್ಕೇ ನಾನು ಹೇಳಿದ್ದು ಪೂರಾ ಸುಳ್ಳಲ್ಲ ಎಂದು ಆಮೇಲೆ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಎಂಥ ಜಾಣೆ.

ಆಗಸ್ಟ್ ಕೊನೆಯೊಳಗೆ ಮೈದುನ ಇನ್ನೂ ಮೂರು ವರ್ಷಕ್ಕೆ ಒಪ್ಪಿಗೆಯ ಸಹಿ ಹಾಕಬೇಕಿತ್ತು, ಇಲ್ಲವೇ ಗಂಟುಮೂಟೆ ಕಟ್ಟಬೇಕಿತ್ತು. ಹೆಂಡತಿ ಹೂಂ ಅಂದರೆ ಇರುತ್ತೇನೆ, ಬೇಡ ಅಂದರೆ ಮೈಸೂರು ಎಂದು ಅವನು ಹೇಳಿಬಿಟ್ಟಿದ್ದ. ಅವಳು ಬೇಡ ಅನ್ನಲಿ ಎಂದು ನಾನು ಕಾಯುತ್ತಿದ್ದೆ. ಅವರು ಹೋದರೆ ಆ ಮನೆ ನನಗೇನೂ ಬರುವುದಿಲ್ಲ. ಯಾರೋ ಗುರುತಿಲ್ಲದವರು ಬರುತ್ತಾರೆ. ಬರಲಿ, ಗುರುತಿಲ್ಲದವರು ವಿಡಿಯೋ ಕಳಿಸುವುದಿಲ್ಲ. ನನಗೆ ಇಲ್ಲದ್ದು ಅವಳಿಗೂ ಇರಬಾರದು, ಅಷ್ಟೇ. ಇಷ್ಟು ಸಣ್ಣವಳಾ ನಾನು ಅಂತ ಕೇಳಿಕೊಂಡೆ. ಹೌದು, ಆಗಿದ್ದೆ.

ಜೂನ್, ಜುಲೈ ಪ್ರತಿ ಶುಕ್ರವಾರ ನಾನೇ 'ಕಷ್ಟ ಸುಖ' ವಿಚಾರಿಸಲು ಫೋನು ಮಾಡುತ್ತಿದ್ದೆ. ಮನೆ ತುಂಬ ಬಕೆಟ್ಟುಗಳು, ಕಾಲಿಡಲು ಜಾಗವಿಲ್ಲ ಎನ್ನುತ್ತಿದ್ದಳು. ಮಗುವಿನ ಬೆನ್ನ ತುಂಬ ಬೆವರುಗುಳ್ಳೆ. ಸ್ನಾನ ಅಂದರೆ ಸಾಕು, ಅಳು. ಆ ಅಳು ನನಗೂ ಕೇಳಿಸುತ್ತಿತ್ತು. ವಿಡಿಯೋಗಳು ನಿಂತುಹೋದವು. ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು, ಆಗಲಿಲ್ಲ. ಹೇಳಿಬಿಡಲೇ ಎಂದು ಒಂದೆರಡು ಸಲ ಬಾಯಿ ತೆರೆದೆ. ಈಗ ಹೇಳಿದರೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆ. ಬಾಯಿ ಮುಚ್ಚಿಕೊಂಡೆ. ಪಾಪ, ಮಗು ಚಿಕ್ಕದು, ಮೈಸೂರಾದರೆ ತಂಪು, ಯೋಚನೆ ಮಾಡು ಎಂದು ಮಾತ್ರ ಪ್ರತಿ ಸಲವೂ ಹೇಳಿದೆ. ಓರಗಿತ್ತಿಯನ್ನು ಒಡಹುಟ್ಟಿದ ತಂಗಿಯ ಹಾಗೆ ನೋಡಿಕೊಳ್ಳುತ್ತಾಳೆ ಎಂದು ಮೈಸೂರಿನಲ್ಲಿ ಅತ್ತೆ ಎಲ್ಲರ ಹತ್ತಿರವೂ ನನ್ನನ್ನು ಹೊಗಳುತ್ತಿದ್ದರಂತೆ.

ಆಗಸ್ಟ್ ಮಧ್ಯದ ಒಂದು ಶನಿವಾರ ಅವಳೇ ಫೋನು ಮಾಡಿದಳು. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಿದ್ದೆ. ಅವಳ ದನಿ ಬೇರೆಯೇ ಇತ್ತು; ಹೊರಡುವುದು ಗಟ್ಟಿಯಾಯಿತು ಎಂದುಕೊಂಡೆ.

ಹಿಂದಿನ ದಿನ ಸ್ನಾನದ ಹೊತ್ತಿಗೆ ಮಗು ಮಾಮೂಲಿಗಿಂತ ಜೋರಾಗಿ ಅತ್ತಿತ್ತಂತೆ. ಯಾರೋ ಗೇಟು ಬಡಿದರಂತೆ. ಈ ಸಲ ಹೆದರದೆ ತೆಗೆದಳಂತೆ. ಖಾಲಾ ಒಂದೂ ಮಾತಾಡದೆ ನೇರ ಸ್ನಾನದ ಮನೆಗೆ ಹೋಗಿ, ನಲ್ಲಿಯ ಕೆಳಗೆ ಬೆರಳಿಟ್ಟು, ತಲೆಯೆತ್ತಿ ಗೀಸರಿನ ಕೆಂಪು ದೀಪ ನೋಡಿ, ಹಣೆ ಚಚ್ಚಿಕೊಂಡು ಸ್ವಿಚ್ ಆರಿಸಿದರಂತೆ. ಸಂಜೆಯವರೆಗೂ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಬೆನ್ನಿಗೆ ಏನೋ ಎಣ್ಣೆ ಸವರುತ್ತಾ ಕೂತಿದ್ದರಂತೆ. ಇವತ್ತು ಬೆಳಿಗ್ಗೆ ಕೆಂಪು ನಲ್ಲಿಯಲ್ಲಿ ತಣ್ಣೀರು ಬಂತು, ಮಗು ನೀರು ಬಿಟ್ಟು ಏಳುತ್ತಲೇ ಇಲ್ಲ ಎಂದಳು. ಫೋನಿನಲ್ಲಿ ಅದರ ನಗು ಕೇಳುತ್ತಿತ್ತು. ಆಮೇಲೆ, ಹೊರಡುವ ಮುಂಚೆ ಖಾಲಾ ಒಂದು ಮಾತು ಕೇಳಿದರು ಎಂದಳು. ಮೊದಲು ಇಲ್ಲಿದ್ದವಳಿಗೆ ನಾನೇ ಕಲಿಸಿದ್ದೆ, ಅವಳು ನಿನಗೆ ಹೇಳಲಿಲ್ಲವೇ ಅಂತ.

ಹದಿನಾಲ್ಕು ವರ್ಷದಲ್ಲಿ ಗಳಿಸಿದ್ದು ಆ ಒಂದು ಪ್ರಶ್ನೆಗೆ ಹೋಯಿತು ಅನ್ನಿಸಿತು. ನೀನು ಏನಂದೆ ಎಂದು ಕೇಳಿದೆ.

"ಹೇಳಿದ್ರು, ನಾನೇ ಮರ್ತಿದ್ದೆ ಅಂದೆ," ಅಂದಳು. "ಇಲ್ಲ ಅಂದಿದ್ರೆ ಅವ್ರಿಗೆ ಬೇಜಾರಾಗ್ತಿತ್ತು ಅಕ್ಕ. ನಿಮ್ಮ ಮಾತೆತ್ತಿದ್ರೆ ಸಾಕು, ಬಿಂತಿ ಬಿಂತಿ ಅಂತ ಕಣ್ಣೊರೆಸ್ಕೋತಾರೆ."

ನನಗೆ ಗೊತ್ತಿತ್ತು ಕಣೇ, ಮೇ ತಿಂಗಳಲ್ಲೇ ಗೊತ್ತಿತ್ತು ಎಂದು ಹೇಳಿದೆ. ಹೇಗೆ ಬಾಯಿಗೆ ಬಂತೋ ಕಾಣೆ. ಆ ಕಡೆ ಮಗು ನೀರಿನಲ್ಲಿ ಕೈ ಬಡಿಯುವ ಸದ್ದು ಕೇಳಿಸಿತು.

"ನಂಗೂ ನಿನ್ನೆ ಗೊತ್ತಾಯ್ತು ಅಕ್ಕ," ಅಂದಳು.

ಅವಳು ಬೈದಿದ್ದರೆ ಅಳು ಬರುತ್ತಿತ್ತು, ಅತ್ತು ಹಗುರವಾಗುತ್ತಿದ್ದೆ. ಅವಳು ಬೈಯಲಿಲ್ಲ. ಗಂಡ ಬೆಳಿಗ್ಗೆಯೇ ಮೂರು ವರ್ಷಕ್ಕೆ ಸಹಿ ಹಾಕಿ ಕಳಿಸಿದರು ಎಂದಳು. ಸಂಜೆ ಖಾಲಾ ಮನೆಗೆ ಕಾಫಿಗೆ ಹೋಗಬೇಕು ಎಂದಳು. ಡಿಸೆಂಬರ್‌ನಲ್ಲಿ ಮಗಳಿಗೆ ರಜ ಇರುತ್ತಲ್ಲ, ಎಲ್ಲರೂ ನಮ್ಮನೆಗೆ ಬನ್ನಿ ಎಂದಳು. ಅವತ್ತಿನವರೆಗೆ ಅವಳು ಅದನ್ನು ನಿಮ್ಮನೆ ಎಂದೇ ಹೇಳುತ್ತಿದ್ದಳು: ಅಕ್ಕ, ನಿಮ್ಮನೆ ತಾರಸಿ, ನಿಮ್ಮನೆ ಅಂಗಳ. ಅವಳು ಹಾಗೆ ಅನ್ನುತ್ತಿದ್ದಳು ಎನ್ನುವುದನ್ನು ನಾನು ಒಂದು ದಿನವೂ ಗಮನಿಸಿರಲಿಲ್ಲ. ಮಾತು ಬದಲಾದಾಗ ಕೇಳಿಸಿತು.

ಹೊಟ್ಟೆ ಉರಿಯುತ್ತಲೇ ಇತ್ತು. ಆಯ್ತು ಕಣೇ, ನಿಮ್ಮನೆಗೆ ಬರ್ತೀವಿ ಅಂದೆ.